ಮುಧೋಳ ನಾಯಿಗೆ ಅಷ್ಟ್ಯಾಕ ಬೆಲಿ? ಓದುಗರ ಪ್ರಶ್ನಿ, ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ್ರಿ. ನಾವು ಕುಷ್ಟಗಿ ತಾಲ್ಲೂಕಿನವ್ರು. ಮನ್ಯಾಗ ನೂರಿಪ್ಪತ್ತು ಕುರಿ ಅದಾವು, ನಮ್ಮಪ್ಪ, ಸೋದರಮಾವ ಇಬ್ರೂ ಕಾಯ್ತಾರ. ಹೋದ ತಿಂಗಳು ದಡ್ಡಿಗೆ ತ್ವಾಳ ಬಂದು ಎರಡು ಮರಿ ಹೊತ್ಕೊಂಡು ಹೋತು. ಅವಾಗಿಂದ ಒಂದು ಮುಧೋಳ ನಾಯಿ ತರಬೇಕಂತ ನನ್ನ ತಲ್ಯಾಗ ಕುಂತೈತಿ. ಒಬ್ರು ಮರಿಗೆ ಹದಿನೆಂಟು ಸಾವಿರ ಹೇಳ್ಯಾರ. "ಆ ರೊಕ್ಕದಾಗ ಕುರಿ ತಂದ್ರ ಹಿಂಡು ಬೆಳಿತೈತಿ, ನಾಯಿಗೆ ಯಾರು ಕೊಡ್ತಾರಲೇ" ಅಂತ ಅಪ್ಪ ಬೈತಾನ. ಆ ನಾಯ್ಯಾಗ ಅಂಥಾದ್ದು ಏನೈತ್ರಿ? ತ್ವಾಳ ತಡಿತೈತೇನ್ರಿ?

ಉತ್ತರ: ತಮ್ಮಾ, ನಿಮ್ಮಪ್ಪ ಕೇಳಿದ್ದು ಖರೇ ಪ್ರಶ್ನಿ, ಅದಕ್ಕ ಸಿಟ್ಟಾಗಬ್ಯಾಡ. ಹದಿನೆಂಟು ಸಾವಿರ ಅಂದ್ರ ಕುರಿ ಕಾಯೋ ಮನಿಗೆ ಸಣ್ಣ ರೊಕ್ಕ ಅಲ್ಲ. ನಾನು ಈ ಭಾಗದಾಗ ಮೂವತ್ತು ವರ್ಷ ದನ, ಕುರಿ, ನಾಯಿ ಎಲ್ಲಾಕ್ಕೂ ಸೂಜಿ ಮಾಡ್ಕೋತ ಬಂದಾಂವ, ಮುಧೋಳ ನಾಯಿ ಅಂದ್ರ ನನಗ ಜೀವ, ಆದ್ರೂ ನಿನಗ ಮೊದ್ಲ ಹೇಳಿಬಿಡ್ತೀನಿ, ತ್ವಾಳ ಕಾಯಾಕಂತ ಈ ನಾಯಿ ತರಬ್ಯಾಡ. ಯಾಕ ಅಂತ ತಿಳೀಬೇಕಂದ್ರ ಈ ನಾಯಿ ಯಾವ ಕೆಲಸಕ್ಕ ಹುಟ್ಟೈತಿ ಅನ್ನೋದು ಮೊದ್ಲ ತಿಳೀಬೇಕು.

ನಾಯಿ ಅಂದ ಕೂಡ್ಲೆ ನಾವು ಮೂಗಿನ ಮಾತು ಆಡ್ತೀವಿ. ಪೊಲೀಸ್ ನಾಯಿ ವಾಸನಿ ಹಿಡ್ಕೊಂಡು ಹೋತು ಅಂತ ಪೇಪರ್‌ನ್ಯಾಗ ಓದ್ತೀವಲ್ಲ, ಹಂಗ. ಮುಧೋಳ ನಾಯಿಗೂ ಮೂಗು ಐತಿ, ಆದ್ರ ಇದು ಕಣ್ಣಿನ ನಾಯಿ. ಅದರ ಬುರುಡಿ ನೋಡು, ಉದ್ದಕ, ಸಪೂರ, ಕಣ್ಣು ಎರಡೂ ಸ್ವಲ್ಪ ಪಕ್ಕಕ್ಕ ಸರದು ಕುಂತಿರ್ತಾವು. ಇಂಥಾ ಉದ್ದ ಮೂತಿ ನಾಯಿಗಳ ಕಣ್ಣಿನ ಒಳಗ ನೋಡೋ ನರದ ಕಣಗಳು ಒಂದು ಅಡ್ಡ ಪಟ್ಟಿ ಹಂಗ ದಟ್ಟ ಸೇರಿರ್ತಾವು, ಅದಕ್ಕ ತಲಿ ಹೊರಳಸದನ ಈ ಕಡಿ ಹೊಲದ ಬದುವಿನಿಂದ ಆ ಕಡಿ ಬದುವಿನ ತನಕ ಒಂದ ಸರ್ತಿಗೆ ಕಾಣ್ತೈತಿ. ನಿಂತ ವಸ್ತು ಅಷ್ಟು ಗೊತ್ತಾಗೋದಿಲ್ಲ, ಕೆಂಪು ಹಸರು ಬ್ಯಾರೆ ಬ್ಯಾರೆ ಅಂತಾನೂ ಅವಕ್ಕ ತಿಳಿಯಂಗಿಲ್ಲ, ಆದ್ರ ದೂರದಾಗ ಏನರ ಮಿಸುಕಾಡಿತೋ, ಮುಗೀತು.

ಈಗ ನಿಮ್ಮ ಕಡಿ ನೆಲಾ ನೆನಪು ಮಾಡ್ಕೋ. ಎರಿ ಹೊಲ, ಗಿಡ ಇಲ್ಲ ಗಂಟಿ ಇಲ್ಲ, ಬಿಳಿಜ್ವಾಳ ಕಡ್ಲಿ ಕಿತ್ತ ಮ್ಯಾಲ ಕಣ್ಣು ಹಾಯೋ ತನಕ ಬಯಲು. ಅಂಥಾ ನೆಲದಾಗ ಮೂಗಿಗಿಂತ ಕಣ್ಣು ದೊಡ್ಡದು, ಕಣ್ಣಿಗಿಂತ ಕಾಲು ದೊಡ್ಡದು. ಮಲೆನಾಡಿನ ಅಡವ್ಯಾಗ ಈ ನಾಯಿ ಹುಟ್ಟಾಕ ಸಾಧ್ಯನ ಇರಲಿಲ್ಲ ಅಂತ ನನಗ ಅನಸ್ತೈತಿ.

ಕಾಲಿನ ಮಾತು ಬಂತಲ್ಲ, ಒಂದಿನದ್ದು ಹೇಳ್ತೀನಿ. ಯಲಬುರ್ಗಾ ರೋಡಿನ ಮ್ಯಾಲ ಮುಂಜಾನಿ ಒಂದು ಎಮ್ಮಿ ಈಯೋದು ಕಷ್ಟ ಆಗೈತಿ ಅಂತ ಫೋನ್ ಬಂದು ಬೈಕ್ ಮ್ಯಾಲ ಹೊಂಟಿದ್ದೆ, ವಾಪಸ್ ಬರೋ ಮುಂದ ಜ್ವಾಳದ ಕೂಳಿ ಇದ್ದ ಹೊಲದಾಗ ಒಬ್ಬ ಹುಡುಗ ಎರಡು ಮುಧೋಳ ನಾಯಿ ಬಿಟ್ಟು ಓಡಸ್ತಿದ್ದ, ನಾನು ಬೈಕ್ ನಿಂದ್ರಿಸಿ ನೋಡ್ಕೋತ ನಿಂತೆ. ಬಿಸಲು ಅಡ್ಡ ಬೀಳ್ತಿತ್ತು. ಬೆನ್ನು ಬಿಲ್ಲಿನಂಗ ಮಣಿತಿತ್ತು, ಹಿಂದಿನ ಕಾಲು ಮುಂದಿನ ಕಾಲು ದಾಟಿ ಮುಂದ ಬಂದು ನೆಲಾ ಒದಿತಿದ್ದವು, ಆಮ್ಯಾಲ ಇಡೀ ಮೈ ಹಗ್ಗದಂಗ ಉದ್ದ ಬಿಚ್ಕೊಂತಿತ್ತು. ಒಂದೊಂದು ಜಿಗಿತಕ್ಕ ಎರಡು ಸರ್ತಿ ನಾಲ್ಕೂ ಕಾಲು ಗಾಳ್ಯಾಗ, ಒಂದ್ಸಲ ಮೈ ಮುದುಡಿದಾಗ, ಇನ್ನೊಂದ್ಸಲ ಚಾಚಿದಾಗ. ತಿರುವಿನ್ಯಾಗ ಆ ಉದ್ದ ಬಾಲ ಒಂದ ಕಡಿ ಹೊಡದು ಮೈ ಸಮತೋಲ ಮಾಡ್ಕೊಂತಿತ್ತು. ಸಪ್ಪಳ ಅಂದ್ರ ಒಣ ಕೂಳಿ ಮುರಿಯೋ ಚಟಚಟ ಅಷ್ಟ, ಬೊಗಳೋದಿಲ್ಲ ಏನಿಲ್ಲ. ಆ ಹುಡುಗ ಸಿಳ್ಳಿ ಹಾಕಿದ ಕೂಡ್ಲೆ ತಿರುಗಿ ಬಂದು ಅವನ ತೊಡಿಗೆ ತಲಿ ಒತ್ತಿ ನಿಂತವು, ಎದಿ ಮಾತ್ರ ತಿದಿ ಹಂಗ ಆಡ್ತಿತ್ತು.

ಆ ಎದೀನ ಈ ನಾಯಿಯ ಆಸ್ತಿ. ಗಂಡು ನಾಯಿ ಭುಜದ ಹತ್ರ 68 ರಿಂದ 72 ಸೆಂಟಿಮೀಟರ್ ಎತ್ತರ ಇರ್ತೈತಿ, ಹೆಣ್ಣು ಸ್ವಲ್ಪ ಕಡಿಮಿ, ಆದ್ರ ತೂಕ ನೋಡಿದ್ರ ಸುಮಾರು 20 ರಿಂದ 28 ಕೆಜಿ ಅಷ್ಟ. ಎದಿ ಮೊಣಕೈ ತನಕ ಇಳಿದಿರ್ತೈತಿ, ದೊಡ್ಡ ಹೃದಯ ದೊಡ್ಡ ಪುಪ್ಪುಸಕ್ಕ ಜಾಗ ಬೇಕಲ್ಲ, ಹೊಟ್ಟಿ ಬೆನ್ನಿಗೆ ಹತ್ತಿರ್ತೈತಿ, ಮೈ ಮ್ಯಾಲ ಕೊಬ್ಬಿಲ್ಲ.

ಇದು ಒಂದಿನದಾಗ ಆದದ್ದಲ್ಲ ತಮ್ಮಾ. ಪರ್ಷಿಯಾ, ಅಫ್ಘಾನಿಸ್ತಾನದ ಕಡಿಯಿಂದ ಕಾರವಾನ್ ಅನ್ನೋ ವ್ಯಾಪಾರದ ತಂಡಗಳ ಜೊತಿ, ದಂಡಿನ ಜೊತಿ ಬಂದ ಸಲೂಕಿ, ತಾಜಿ ಅನ್ನೋ ನಾಯಿಗಳ ಬಳಗ ಇದು ಅಂತಾರ, ಮಹಾರಾಷ್ಟ್ರದಾಗ ಇದಕ್ಕ ಕಾರವಾನಿ ಅನ್ನೋ ಹೆಸರು ಅದಕ್ಕ ಬಂದೈತಿ. ಕಿವಿ ಬಾಲಕ್ಕ ಉದ್ದ ರೇಷ್ಮಿ ಕೂದಲಿದ್ರ ಪಶ್ಮಿ ಅಂತಾರ. ಮುಧೋಳದ ಘೋರ್ಪಡೆ ರಾಜಮನಿತನದ ಮಾಲೋಜಿರಾವ್ ಅವ್ರು ಈ ತಳಿ ಜ್ವಾಪಾನ ಮಾಡಿ ಬೆಳೆಸಿದ್ರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಉಡುಗೊರಿ ಕೊಟ್ರು, ಅಲ್ಲಿಂದ ಮುಧೋಳ ಅನ್ನೋ ಹೆಸರು ಗಟ್ಟಿ ಆತು ಅಂತ ಹೇಳ್ತಾರ. ಆದ್ರ ನನ್ನ ಮಟ್ಟಿಗೆ ಅರಮನಿಗಿಂತ ದೊಡ್ಡ ಋಣ ಇರೋದು ಗುಡಿಸಲಾಗ ಇದ್ದ ಬೇಟಿ ಮಂದೀದು. ತಮಗ ಅಂಬಲಿ ಇದ್ರ ನಾಯಿಗೂ ಅಂಬಲಿ, ರೊಟ್ಟಿ ಇದ್ರ ನಾಯಿಗೂ ಅರ್ಧ ರೊಟ್ಟಿ ಹಾಕಿ ಸಾಕಿದವ್ರು ಅವ್ರು. ಓಡಲಾರದ ನಾಯಿದು ಮರಿ ಮಾಡಸ್ತಿರಲಿಲ್ಲ. ಬಿಸಲಿಗೆ ತಡೀದೆ ಇರೋದು, ಹೊಲಸು ತಿಂದು ಬ್ಯಾನಿ ಬೀಳೋದು ತಾನಾಗೇ ಕಡಿಮಿ ಆದವು. ಉಳದದ್ದು ಈ ನಾಯಿ. ನಿಮ್ಮಪ್ಪಗ ಹೇಳು, ಆ ಬೆಲ್ಯಾಗ ಎಷ್ಟೋ ತಲಿ ಮಂದಿಯ ಕಣ್ಣು, ಆರಿಸಿದ ಕೈ ಎಲ್ಲಾ ಸೇರೈತಿ.

ಸರ್ಕಾರ ಇದನ್ನ ಗುರ್ತಿಸಿದ್ದು ತಡ ಆತು, ಆದ್ರೂ ಗುರ್ತಿಸ್ತು. 2005ರಾಗ ಅಂಚೆ ಇಲಾಖೆ ಇದರ ಸ್ಟ್ಯಾಂಪ್ ತಂತು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕೈಕೆಳಗ ಮುಧೋಳ ಹತ್ರ ತಿಮ್ಮಾಪುರದಾಗ ಶ್ವಾನ ಸಂಶೋಧನಾ ಕೇಂದ್ರ ಐತಿ. ಅಲ್ಲಿಂದ 2016ರಾಗ ಮರಿಗಳು ಸೈನ್ಯದ ಟ್ರೇನಿಂಗಿಗೆ ಮೀರತ್‌ಗೆ ಹೋದವು. 2020ರಾಗ ಪ್ರಧಾನಿಯವ್ರು ಮನ್ ಕಿ ಬಾತ್‌ನ್ಯಾಗ ಇದರ ಹೆಸರು ತಗೊಂಡ್ರು, ಅವಾಗಿಂದ ನನ್ನ ಹತ್ರಾನೂ "ಎಲ್ಲಿ ಸಿಗ್ತಾವ್ರಿ" ಅಂತ ಕೇಳೋ ಮಂದಿ ಹೆಚ್ಚಾದ್ರು, ಬೆಲೀನೂ ಅದರ ಜೊತಿ ಏರಿತು.

ಈಗ ತ್ವಾಳದ ಮಾತು. ಕಣ್ಣಿಗೆ ಬಿದ್ದದ್ದರ ಹಿಂದ ಓಡೋದು ಈ ನಾಯಿಯ ರಕ್ತದಾಗ ಐತಿ. ನಿಮ್ಮ ಮಾವನ್ನ ಕೇಳಿ ನೋಡು, ತ್ವಾಳ ಜೋಡಿಲೆ ಬರ್ತಾವು, ಒಂದು ಎದುರಿಗೆ ಕಾಣಿಸ್ಕೊಂಡು ನಾಯೀನ ದೂರ ಎಳಕೊಂಡು ಹೋತಂದ್ರ ಇನ್ನೊಂದು ಹಿಂದಿಂದ ಮರಿ ಎತ್ತತೈತಿ. ಮುಧೋಳ ನಾಯಿ ಅರ್ಧ ಮೈಲು ಬೆನ್ನು ಹತ್ತಿ ಹೋಗಿರ್ತೈತಿ, ದಡ್ಡಿ ಬಯಲಾಗಿರ್ತೈತಿ. ಮತ್ತ ಅದರ ಚರ್ಮ ಭಾಳ ತೆಳು, ಜಾಲಿ ಮುಳ್ಳಿಗೆ ಗೇಣುದ್ದ ಹರಕೊಂಡು ಬಂದ ನಾಯಿಗಳಿಗೆ ನಾನು ಎಷ್ಟೋ ಸಲ ಹೊಲಿಗಿ ಹಾಕೀನಿ, ತ್ವಾಳದ ಹಲ್ಲಿಗೆ ಅದು ಏನು ತಡ್ಯಾಕ ಆಗ್ತೈತಿ ಹೇಳು. ದಡ್ಡಿಗೆ ಬೇಕಾದದ್ದು ಓಡೋ ನಾಯಿ ಅಲ್ಲ, ಬಿಟ್ಟು ಹೋಗದ ನಾಯಿ. ನಮ್ಮ ಜವಾರಿ ನಾಯಿ ಎರಡು ಮೂರು ಸಣ್ಣವಿದ್ದಾಗಿಂದ ಕುರಿ ನಡುವ ಮಲಗಿಸಿ ಬೆಳಸ್ರಿ, ರಾತ್ರೆಲ್ಲಾ ಬೊಗಳತಾವು, ಹಿಂಡು ಬಿಟ್ಟು ಕದಲಂಗಿಲ್ಲ. ದಡ್ಡಿ ಸುತ್ತ ಜಾಲಿ ಬೇಲಿ ಎದಿ ಮಟ್ಟ ಏರಸ್ರಿ, ಮರಿ ನಡುವ ಹಾಕ್ರಿ, ಒಂದು ಸೋಲಾರ್ ಲೈಟ್ ಇಡ್ರಿ. ಸತ್ತ ಮರಿದು ಫೋಟೋ ತಗದು ಅರಣ್ಯ ಇಲಾಖೆಗೆ ಅರ್ಜಿ ಕೊಟ್ರ ಪರಿಹಾರಕ್ಕ ಅವಕಾಶ ಐತಿ. ವಿಷ ಮಾತ್ರ ಇಡಬ್ಯಾಡ್ರಿ, ಕೈ ಮುಗಿತೀನಿ. ತ್ವಾಳ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟ್ಯಾಗ ಇರೋ ಪ್ರಾಣಿ, ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಾಗ ಅದಕ್ಕಂತನ ಧಾಮ ಮಾಡ್ಯಾರ. ಮತ್ತ ಆ ವಿಷ ಮೊದ್ಲ ತಿನ್ನೋದು ನಿಮ್ಮ ನಾಯೀನ.

ಕುರಿ ಮನಿಗೆ ಇನ್ನೊಂದು ಮಾತು, ಇದು ಎಲ್ಲಾ ನಾಯಿಗೂ. ಸತ್ತ ಕುರಿ ತಲಿ, ಈಲಿ, ಪುಪ್ಪುಸ ಹಸೀದು ನಾಯಿಗೆ ಒಗೀಬ್ಯಾಡ್ರಿ. ಮಿದುಳಿನಾಗಿನ ನೀರುಗುಳ್ಳಿ ತಿಂದ ನಾಯಿ ಹೊಟ್ಟ್ಯಾಗ ಲಾಡಿಹುಳ ಆಗ್ತಾವು, ಅದರ ತತ್ತಿ ಹುಲ್ಲಿಗೆ ಬಿದ್ದು ಮತ್ತ ಕುರಿಗೇ ಹೋಗಿ ಕುರಿ ಒಂದ ಕಡಿ ಗಿರಗಿರ ತಿರುಗಿ ಬೀಳ್ತಾವು. ಈಲಿ ಪುಪ್ಪುಸದಾಗಿನ ಗುಳ್ಳಿ ಇನ್ನೊಂದು ಜಾತಿ ಹುಳದ್ದು, ಅದು ಮನಷ್ಯಾಗೂ ಹತ್ತತೈತಿ. ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರೋ ಜಂತಿನ ಗುಳಗಿ ತೂಕ ನೋಡಿ ಹಾಕಸ್ರಿ.

ಇಷ್ಟಾಗಿಯೂ ನಿನಗ ಮುಧೋಳ ನಾಯಿ ಬೇಕೇ ಬೇಕು ಅನಸಿದ್ರ ತಂದು ಸಾಕ್ಕೋ, ಬ್ಯಾಡ ಅನ್ನಂಗಿಲ್ಲ, ಮುಂಜಾನಿ ಓಡಸಾಕ ನಿಮ್ಮಲ್ಲಿ ಹೊಲ ಐತಿ. ಮೊಲದ ಹಿಂದ ಮಾತ್ರ ಬಿಡಬ್ಯಾಡ, ಅದು ಅದೇ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಪ್ರಶ್ನೆ: ಸರ್, ನಾವು ಸಿರುಗುಪ್ಪದಾಗ ಇರ್ತೀವ್ರಿ. ಮಗ ಹಟ ಮಾಡಿ ಮುಧೋಳ ನಾಯಿ ತಂದಾನ, ಈಗ ವರ್ಷ ಆತು. ಎಷ್ಟು ಹಾಕಿದ್ರೂ ಎಲುವು ಕಾಣ್ತಾವು, ಓಣಿ ಮಂದಿ "ಉಪಾಸ ಕೆಡವ್ಯಾರ" ಅಂತಾರ. ಅನ್ನ ಹೆಚ್ಚು ಮಾಡ್ಲೇನ್ರಿ? ಈಗೀಗ ಕಟ್ಟಿದ ಜಾಗದಾಗ ನೆಲಾ ಕೆರಿತೈತಿ, ಚಪ್ಪಲಿ ಹರಿತೈತಿ.

ಉತ್ತರ: ಅಕ್ಕಾ, ಓಣಿ ಮಂದಿ ಮಾತು ಬಿಡ್ರಿ. ಆರೋಗ್ಯವಾಗಿರೋ ಮುಧೋಳ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲುವು, ನಡದ ಎರಡು ಎಲುವು ಕಾಣಬೇಕು. ಅವು ಮುಚ್ಚುವಂಗ ದಪ್ಪ ಆತಂದ್ರ ಅವಾಗ ಚಿಂತಿ ಮಾಡ್ರಿ, ಆ ಸಪೂರ ಕಾಲು ಅಷ್ಟು ಭಾರ ಹೊರಾಕ ಆದವಲ್ಲ. ಬೆನ್ನ ಮಣಿ ಎಲ್ಲಾ ಎದ್ದು ಕಂಡ್ರ, ಕೂದಲ ಹೊಳಪು ಹೋಗಿದ್ರ, ವಸಡು ಬೆಳ್ಳಗಾಗಿದ್ರ ಅದು ಬ್ಯಾರೆ, ಹೊಟ್ಟ್ಯಾಗ ಜಂತು ಇಲ್ಲಾ ಉಣ್ಣಿಯಿಂದ ಬರೋ ಜ್ವರ ಇರಬಹುದು, ದವಾಖಾನಿಗೆ ತೋರಸ್ರಿ. ಬರೀ ಅನ್ನ ಹಾಕಬ್ಯಾಡ್ರಿ, ಜ್ವಾಳದ ರೊಟ್ಟಿ ಮಜ್ಜಿಗಿ, ತತ್ತಿ, ಬೇಯಿಸಿದ ಮಾಂಸ ಹಾಕ್ರಿ, ಎರಡು ಹೊತ್ತು ಮಾಡಿ ಹಾಕ್ರಿ. ಉಂಡ ಮ್ಯಾಲ ಒಂದೆರಡು ತಾಸು ಓಡಸಬ್ಯಾಡ್ರಿ, ಆಳ ಎದಿ ನಾಯಿಗಳಿಗೆ ಹೊಟ್ಟಿ ಉಬ್ಬಿ ತಿರುಚಿಕೊಳ್ಳೋ ಅಪಾಯ ಜಾಸ್ತಿ.

ನೆಲಾ ಕೆರಿಯೋದು ಸೊಕ್ಕಲ್ಲ ಅಕ್ಕಾ, ಸಂಕಟ. ಒಂದು ರೈಸ್ ಮಿಲ್‌ನ್ಯಾಗ ಎರಡು ಮೊಳ ಸರಪಳಿಗೆ ಕಟ್ಟಿದ ಮುಧೋಳ ನಾಯಿ ನೋಡಾಕ ನನ್ನ ಕರದಿದ್ರು. ಉಗುರು ಬೆಳದು ಬಾಗಿ ಅಡಿಗಾಲಿನ ಮೆತ್ತಿಗೆ ಚುಚ್ಚಿದ್ದವು, ಕುತ್ತಿಗಿ ಸುತ್ತ ಕೂದಲ ಉದುರಿ ಗೆರಿ ಬಿದ್ದಿತ್ತು. ಹೊರಗ ಲಾರಿ ಹೋದಾಗೊಮ್ಮೆ ಎದ್ದು ನಿಂತು ನೋಡ್ತಿತ್ತು, ಮತ್ತ ಕುಂದರ್ತಿತ್ತು. ಆ ನಾಯಿ ನೋಡಿ ಬಂದ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಿಮ್ಮ ಮಗಗ ಹೇಳ್ರಿ, ದಿನಾ ಮುಂಜಾನಿ ಸುತ್ತಲೂ ಬೇಲಿ ಇರೋ ಖಾಲಿ ಜಾಗದಾಗ ಅರ್ಧ ತಾಸು ಬಿಟ್ಟು ಓಡಸಲಿ, ಸಂಜಿಗೆ ಹಗ್ಗ ಹಿಡದು ತಿರುಗಾಡಿಸಲಿ. ಹದಿನೈದು ದಿನದಾಗ ಚಪ್ಪಲಿ ಉಳೀತಾವು ನೋಡ್ರಿ. ಬ್ಯಾಸಗಿ ಬಿಸಲಾಗ ಮಾತ್ರ ಬ್ಯಾಡ, ಏಳರ ಒಳಗ ಮುಗಿಸ್ರಿ. ನಾಯಿಗೆ ನಮ್ಮಂಗ ಮೈ ಬೆವರಂಗಿಲ್ಲ, ನಾಲಿಗಿ ಚಾಚಿ ಏದಿದ್ರನ ಕಾವು ಇಳೀಬೇಕು. ಚಳಿಗಾಲದಾಗ ಎರಡು ಗೋಣಿಚೀಲ ಹಾಸ್ರಿ, ಕೊಬ್ಬಿಲ್ಲದ ಮೈ, ಬರೀ ಕಲ್ಲ ನೆಲದ ಮ್ಯಾಲ ಮಲಗಿದ್ರ ಮೊಣಕಾಲು ಹುಣ್ಣಾಗ್ತಾವು. ಮುಂದ ಯಾವಾಗರ ಆಪರೇಷನ್ ಬಂದ್ರ ಅರವಳಿಕಿ ಕೊಡೋ ಮೊದ್ಲ "ಇದು ಮುಧೋಳ ನಾಯಿ" ಅಂತ ಡಾಕ್ಟರಿಗೆ ನೆನಪು ಮಾಡ್ರಿ, ಇಂಥಾ ತೆಳ್ಳನ ಮೈಗೆ ಕೆಲವು ಔಷಧ ಲಗೂನ ಇಳಿಯಂಗಿಲ್ಲ.

ಪ್ರಶ್ನೆ: ಮರಿ ಖರೇನ ಮುಧೋಳದ್ದು ಅಂತ ಗುರ್ತು ಹಿಡಿಯೋದು ಹೆಂಗ್ರಿ? ಹೋದ ವರ್ಷ ನಮಗ ಒಬ್ರು ಅಡ್ಡತಳಿ ಕೊಟ್ಟು ಮೋಸ ಮಾಡಿದ್ರು. (ಮಾನ್ವಿಯಿಂದ ಓದುಗರು)

ಉತ್ತರ: ನಿಮ್ಮಂಗ ಮೋಸ ಹೋದವ್ರು ಭಾಳ ಮಂದಿ ಅದಾರ್ರಿ ಅಣ್ಣಾರ, ಯಾಕಂದ್ರ ಎರಡು ತಿಂಗಳ ಮರಿ ನೋಡಿ ಯಾರಿಗೂ ಪಕ್ಕಾ ಹೇಳಾಕ ಬರಂಗಿಲ್ಲ, ನನಗೂ ಬರಂಗಿಲ್ಲ. ಮರಿ ನೋಡಬ್ಯಾಡ್ರಿ, ಅದರ ತಾಯಿ ನೋಡ್ರಿ, ಸಾಧ್ಯ ಆದ್ರ ತಂದಿ ನೋಡ್ರಿ, ಕಟ್ಟಿದಲ್ಲೇ ಅಲ್ಲ, ಬಿಟ್ಟು ಓಡಿಸಿ ತೋರಸು ಅನ್ರಿ. ತೋರಸಾಕ ಹಿಂದ ಮುಂದ ನೋಡೋ ಮನ್ಯಾಗ ತಗೋಬ್ಯಾಡ್ರಿ. ಫೋನ್‌ನ್ಯಾಗ ಫೋಟೋ ಕಳಿಸಿ ಅಡ್ವಾನ್ಸ್ ಹಾಕು ಅನ್ನೋರ ಹತ್ರಂತೂ ಬ್ಯಾಡ. ತಿಮ್ಮಾಪುರ ಕೇಂದ್ರದಾಗ ಮೊದ್ಲ ಹೆಸರು ಹಚ್ಚಿ ಕಾದು ತಗೊಂಡ್ರ ಉತ್ತಮ.

ತಾವರಗೇರಾ ಕಡಿ ಒಬ್ಬ ಮುದುಕ ಇದ್ದ, ಮರಿ ಆರಸಾಕ ಬ್ಯಾರೆ ಊರಿನವ್ರೂ ಆತನ್ನ ಕರಕೊಂಡು ಹೋಗ್ತಿದ್ರು. ಮರಿ ಎಲ್ಲಾ ಅಂಗಳದಾಗ ಬಿಟ್ಟು ತಾನು ಗ್ವಾಡಿಗೆ ಬೆನ್ನು ಹಚ್ಚಿ ಕುಂದರ್ತಿದ್ದ, ಮುಟ್ತಿರಲಿಲ್ಲ, ಕರೀತಿರಲಿಲ್ಲ. ಉಳದ ಮರಿ ನೆಲಾ ಮೂಸ್ಕೋತ, ಒಂದರ ಬಾಲ ಒಂದು ಎಳಕೋತ ಇದ್ದಾಗ ಯಾವುದು ತಲಿ ಎತ್ತಿ ದೂರದ ಬೇವಿನ ಗಿಡದ ಮ್ಯಾಲಿನ ಕಾಗಿ ನೋಡಿತೋ ಅದನ್ನ ತೋರಿಸಿ "ಇದು ಕೊಡ್ರಿ" ಅಂತಿದ್ದ. ನೀವೂ ಅವಸರ ಮಾಡದ ಅರ್ಧ ತಾಸು ಕುಂತು ನೋಡ್ರಿ. ಮರಿ ಹುಟ್ಟಿ ಆರರಿಂದ ಎಂಟು ವಾರದೊಳಗ ಮೊದಲನೇ ಲಸಿಕಿ, ಆಮ್ಯಾಲ ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ಆಗೋ ತನಕ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು. ಲಸಿಕಿ ಕಾರ್ಡ್ ಮ್ಯಾಲ ತಾರೀಖು ಬರಿಸಿ ಇಟ್ಕೋರಿ, ಮುಂದಿನ ಸಲ ದವಾಖಾನಿಗೆ ಹೋಗೋ ಮುಂದ ಅದನ್ನ ಮರೀದೆ ತಗೊಂಡು ಹೋಗ್ರಿ.