ಜಿಪ್ಸಿ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್ ಪದೇ ಪದೇ ಹರೀತಿದೆ, ರಬ್ಬರ್ ತೆಗೆದು ಡೈರೆಕ್ಟ್ ಚಾಸಿಗೆ ಬೋಲ್ಟ್ ಮಾಡಿಸಬಹುದಾ?

ಜಿಪ್ಸಿ ಕಿಂಗ್, ಟೈರ್ ದೊಡ್ಡದು, ತೋಟದ ಏರಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜೋರು ಎಳೆತದ ಗೇರು) ಹಾಕಿ ಆಕ್ಸಿಲರೇಟರ್ ಒತ್ತಿದ್ರೆ ಕೆಳಗಿಂದ ದಡ್ ಅನ್ನತ್ತೆ, ಹೊಸ ರಬ್ಬರ್ ಹಾಕಿದ್ರೂ ಸ್ವಲ್ಪ ದಿನಕ್ಕೆ ಮತ್ತೆ ಹರಿಯತ್ತೆ, ಮೆಕ್ಯಾನಿಕ್ಕು ರಬ್ಬರೇ ಬೇಡ 10 ಎಂಎಂ ಪ್ಲೇಟ್ ಹಾಕಿ ಸೀದಾ ಚಾಸಿಗೆ ಬಿಗಿದುಬಿಡೋಣ ಅಂತಿದಾನೆ ಅಂತ ಬರ್ದಿದೀರ. ದಯವಿಟ್ಟು ಹಾಗೆ ಮಾಡಿಸ್ಬೇಡಿ. ಹೊಸ ಮೌಂಟು ಖಂಡಿತ ಮಾಡಿಸಬಹುದು, ಸಕಲೇಶಪುರ ಮೂಡಿಗೆರೆ ಕಡೆ ಒಳ್ಳೆ ವೆಲ್ಡಿಂಗ್ ಶಾಪ್ ಯಾವುದರಲ್ಲಿ ಬೇಕಾದ್ರೂ ಆಗೋ ಕೆಲಸ ಇದು, ನಾನೂ ಇದೇ ಫ್ಯಾಬ್ರಿಕೇಶನ್ ಕೆಲಸದೋನು, ತೋಟದ ಗಾಡಿಗಳೇ ಜಾಸ್ತಿ ನನ್ನ ಹತ್ರ ಬರೋದು. ಆದ್ರೆ ಪ್ಲೇಟ್ ಎಷ್ಟು ದಪ್ಪ ಅನ್ನೋದು ಕೊನೇ ಪ್ರಶ್ನೆ. ಟ್ರಾನ್ಸ್‌ಫರ್ ಕೇಸು, ಅಂದ್ರೆ ಗೇರ್‌ಬಾಕ್ಸಿಂದ ಬಂದ ಶಕ್ತೀನ ಮುಂದಿನ ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆ, ಎಲ್ಲಿ ಕೂರ್ಬೇಕು ಅನ್ನೋದು ಮೊದಲ್ನೇದು, ಅದನ್ನ ಹೇಳೋದು ಶಾಫ್ಟುಗಳು, ಚಾಸಿ ಅಲ್ಲ.

ಮೊದ್ಲು ಯಾಕೆ ಹರಿಯತ್ತೆ ನೋಡಿ. ಮಹೀಂದ್ರ ಸಿಜೆ3ಬಿ ತರದ ಹಳೇ ಜೀಪಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸ್ ಬೆನ್ನಿಗೇ ಅಂಟ್ಕೊಂಡಿರತ್ತೆ, ಅದಕ್ಕೆ ಬೇರೆ ಮೌಂಟಿನ ತಲೆನೋವು ಅಷ್ಟಾಗಿ ಇಲ್ಲ. ಜಿಪ್ಸೀಲಿ ಕೇಸು ಬೇರೆ, ಗೇರ್‌ಬಾಕ್ಸ್ ಬೇರೆ, ಮಧ್ಯ ಒಂದು ಗಿಡ್ಡ ಶಾಫ್ಟು, ಕೇಸು ಒಂಟಿಯಾಗಿ ಮೂರು ರಬ್ಬರ್ ಮೇಲೆ ನೇತಾಡ್ತಿರತ್ತೆ. ಈಗ ಲೆಕ್ಕ ಹಾಕಿ. ಜಿಪ್ಸಿ ಕಿಂಗ್ 1.3 ಎಂಜಿನ್ 103 ನ್ಯೂಟನ್ ಮೀಟರ್ ಟಾರ್ಕ್ ಕೊಡತ್ತೆ, ಫಸ್ಟ್ ಗೇರ್ ರೇಶಿಯೋ 3.652, ಅಂದ್ರೆ ಕೇಸಿನೊಳಗೆ ಹೋಗೋದು ಸುಮಾರು 376. ಲೋ ರೇಶಿಯೋ 2.268, ಹಂಗಾಗಿ ಹೊರಗೆ ಬರೋದು 853 ಹತ್ರ. ಒಳಗೆ ಹೋಗೋದು ಹೊರಗೆ ಬರೋದು ಎರಡೂ ಒಂದೇ ದಿಕ್ಕಿಗೆ ತಿರುಗೋದ್ರಿಂದ ಉಳಿದ ವ್ಯತ್ಯಾಸ, ಅಂದ್ರೆ 477 ನ್ಯೂಟನ್ ಮೀಟರ್, ಕೇಸನ್ನ ಅದರ ಜಾಗದಲ್ಲೇ ತಿರುಚೋಕೆ ನೋಡತ್ತೆ. ಅದನ್ನ ತಡೆಯೋದು ಆ ಮೂರು ರಬ್ಬರ್ ಮಾತ್ರ. ಎಡಗಡೆ ಬಲಗಡೆ ಮೌಂಟುಗಳ ನಡುವೆ ಒಂದಡಿ ಅಂತ ಇಟ್ಕೊಂಡ್ರೆ ಒಂದು ಕಡೆ 160 ಕೆಜಿ ಭಾರದಷ್ಟು ಮೇಲಕ್ಕೆ ಎಳೆತ, ಇನ್ನೊಂದು ಕಡೆ ಅಷ್ಟೇ ಕೆಳಕ್ಕೆ ಒತ್ತಡ. ಹೊರದೇಶದಲ್ಲಿ ಜಿಪ್ಸಿ ತರದ್ದೇ ಆದ ಸುಜುಕಿ ಸಮುರಾಯ್‌ಗೆ ಅಂತ ಸಿಗೋ 4.16 ಲೋ ಗೇರ್ ಸೆಟ್ ಹಾಕಿಸಿಕೊಂಡೋರು ಇದಾರೆ, ಅವರಿಗೆ ಇದೇ ಲೆಕ್ಕ 400 ಕೆಜಿಗೆ ಹೋಗತ್ತೆ. ಟೈರ್ ದೊಡ್ಡದಾದ ಮಾತ್ರಕ್ಕೆ ಎಂಜಿನ್ ಟಾರ್ಕ್ ಹೆಚ್ಚಾಗಲ್ಲ, ಆದ್ರೆ ಕೆಸರಲ್ಲಿ ಸುಮ್ನೆ ತಿರುಗ್ತಿದ್ದ ಚಕ್ರ ಇದ್ದಕ್ಕಿದ್ದಂಗೆ ಬಂಡೆ ಹಿಡಿದಾಗ ಬರೋ ಏಟಿದೆಯಲ್ಲ, ಅದು ಈ ಲೆಕ್ಕಕ್ಕಿಂತ ಎಷ್ಟೋ ಮೇಲೆ, ನಿಮ್ಮ ದಡ್ ಸೌಂಡು ಅದೇ.

ಹರಿದಿರೋ ರಬ್ಬರ್ ಎಸೀಬೇಡಿ, ಕೈಯಲ್ಲಿ ಹಿಡ್ಕೊಂಡು ನೋಡಿ. ಕಬ್ಬಿಣಕ್ಕೂ ರಬ್ಬರಿಗೂ ಅಂಟಿರೋ ಗೆರೆಯಲ್ಲೇ ಬಿಟ್ಕೊಂಡು, ಕಬ್ಬಿಣದ ಮುಖ ನುಣ್ಣಗೆ ಹೊಳೀತಿದ್ರೆ ಅದು ಎಳೆತದಲ್ಲಿ ಹೋಗಿದ್ದು. ಅದರ ಎದುರುಗಡೆಯದು ಹರಿದಿರಲ್ಲ, ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬಿರತ್ತೆ. ಕೇಸಿನ ಕಿವಿ (ಮೌಂಟ್ ಬೋಲ್ಟ್ ಆಗೋ ಚಾಚು) ಚಾಸಿಗೆ ಬಡಿದು ಬಡಿದು ಪೇಂಟ್ ಹೋಗಿ ಬೆಳ್ಳಗೆ ಆಗಿರೋ ಜಾಗ ಕೂಡ ಹುಡುಕಿ, ಎಷ್ಟು ಎದ್ದೇಳತ್ತೆ ಅಂತ ಅದೇ ಹೇಳತ್ತೆ. ಇನ್ನೂ ಬೇಕು ಅಂದ್ರೆ ಫೋನ್ ವಿಡಿಯೋ ಆನ್ ಮಾಡಿ ಚಾಸಿ ಕೆಳಗೆ ನೆಲದ ಮೇಲಿಡಿ, ಎದುರಿಗೆ ಯಾರೂ ನಿಲ್ಬಾರ್ದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಫೋರ್ ಲೋ ಫಸ್ಟ್ ಗೇರಲ್ಲಿ ಬ್ರೇಕ್ ಒತ್ಕೊಂಡು ಕ್ಲಚ್ ಸ್ವಲ್ಪ ಬಿಡಿ, ಆಮೇಲೆ ರಿವರ್ಸಲ್ಲೂ ಹಾಗೇ ಮಾಡಿ. ಕೇಸು ಒಂದು ಸಲ ಈ ಕಡೆ, ಇನ್ನೊಂದು ಸಲ ಆ ಕಡೆ ವಾಲೋದು ಕಾಣತ್ತೆ. ನೀವೇ ಕೆಳಗೆ ಮಲಕ್ಕೊಂಡು ನೋಡೋ ಸಾಹಸ ಯಾವ ಕಾರಣಕ್ಕೂ ಬೇಡ.

ಇಷ್ಟು ಅಲ್ಲಾಡತ್ತೆ ಅಂದ್ಮೇಲೆ ಗಟ್ಟಿ ಮಾಡಿಬಿಡೋಣ ಅನ್ಸೋದು ಸಹಜ. ಆದ್ರೆ ಜಿಪ್ಸಿ ಚಾಸಿ ಏಣಿ ತರದ್ದು, ಒಂದು ಚಕ್ರ ಗುಂಡಿಗಿಳಿದು ಎದುರು ಮೂಲೆದು ಬಂಡೆ ಹತ್ತಿದಾಗ ಇಡೀ ಚಾಸಿ ಮುರುಗತ್ತೆ, ಮುರುಗಲೇಬೇಕು. ಕೇಸನ್ನ ಅದಕ್ಕೆ ರಬ್ಬರಿಲ್ಲದೆ ಬಿಗಿದ್ರೆ ಆ ತಿರುಚು ಪೂರ್ತಿ ಕೇಸಿನ ಎರಕದ ಕಿವಿ ಮೇಲೆ ಬರತ್ತೆ. ಎರಕ ಬಗ್ಗಲ್ಲ, ಸೀಳತ್ತೆ. ರಬ್ಬರ್ ಹರಿದ್ರೆ ರಬ್ಬರ್ ದುಡ್ಡು ಹೋಗತ್ತೆ, ಕಿವಿ ಒಡೆದ್ರೆ ಕೇಸೇ ಹೋಯ್ತು, ಜಿಪ್ಸಿ ಕೇಸು ಈಗ ಒಳ್ಳೇದು ಸಿಗೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರತ್ತೆ. ಅದರ ಜೊತೆಗೆ ಗೇರಿನ ಕೂಗು ಪೂರ್ತಿ ಬಾಡಿಯೊಳಗೆ ಬರತ್ತೆ, ಟಾರ್ ರೋಡಲ್ಲಿ ಹಾಸನಕ್ಕೆ ಹೋಗಿ ಬರೋಷ್ಟರಲ್ಲಿ ತಲೆ ಸಿಡಿಯತ್ತೆ. ಮೂರು ಪಾಯಿಂಟ್ ಕೊಟ್ಟಿರೋದಕ್ಕೂ ಕಾರಣ ಇದೆ, ಮೂರರ ಮೇಲೆ ಕೂತಿದ್ದು ಚಾಸಿ ತಿರುಚಿದ್ರೂ ಕೂತೇ ಇರತ್ತೆ, ನಾಲ್ಕನೇದು ಹಾಕಿದ ತಕ್ಷಣ ತಿರುಚು ಒಳಗೆ ಬರೋಕೆ ಶುರು.

ನಾನು ಹೇಳೋ ವಿಧಾನ ಇದು. ಒಂದು ತೊಟ್ಟಿಲು ಮಾಡಿ, ಅಂದ್ರೆ 50 ಎಂಎಂ ಚೌಕದ 3 ಎಂಎಂ ಗೋಡೆಯ ಬಾಕ್ಸ್ ಪೈಪಿನ ಸಣ್ಣ ಫ್ರೇಮು. ಕೇಸಿನ ಮೂರೂ ಕಿವಿ ಆ ತೊಟ್ಟಿಲಿಗೆ 6 ಎಂಎಂ ಪ್ಲೇಟಿನ ಬ್ರಾಕೆಟ್ಟಲ್ಲಿ ಗಟ್ಟಿಯಾಗಿ ಬಿಗೀಲಿ, ರಬ್ಬರು ತೊಟ್ಟಿಲಿಗೂ ಚಾಸಿಗೂ ಮಧ್ಯ ಬರ್ಲಿ, ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ಇದರಲ್ಲಿ ದೊಡ್ಡ ಲಾಭ ಏನಂದ್ರೆ ರಬ್ಬರುಗಳು ಚಾಸಿಯ ಎರಡು ರೈಲಿನ (ಉದ್ದಕ್ಕೆ ಹೋಗೋ ತೊಲೆ) ಹತ್ರಕ್ಕೆ ಹೋಗ್ತವೆ, ನಡುವಿನ ದೂರ ಎರಡರಷ್ಟಾದ್ರೆ ಆ 160 ಕೆಜಿ 80 ಆಯ್ತು, ಏನೂ ದಪ್ಪ ಮಾಡದೇನೇ. 10, 12 ಎಂಎಂ ಪ್ಲೇಟ್ ಹಾಕೋರು ತೂಕ ಹೆಚ್ಚಿಸ್ತಾರೆ ಅಷ್ಟೇ, ಅಷ್ಟು ಗಟ್ಟಿ ಬ್ರಾಕೆಟ್ ಪಕ್ಕದಲ್ಲಿ ತೆಳ್ಳಗಿರೋ ಚಾಸಿ ಬಿರುಕು ಬಿಡತ್ತೆ. 6 ಎಂಎಂ ಸಾಕು, ಮೂಲೆಗೆ ಗಸೆಟ್, ಅಂದ್ರೆ ತ್ರಿಕೋನದ ಆಸರೆ ತುಂಡು, ಕೊಡಿ.

ರಬ್ಬರಿಗೆ ಹಳೇ ತರದ ಅಂಟಿಸಿದ ಮೌಂಟ್ ಬೇಡ. ಲೀಫ್ ಸ್ಪ್ರಿಂಗ್ ಕಣ್ಣಲ್ಲಿ ಇರೋ ಹಾಗೆ ಪೈಪಿನೊಳಗೆ ಬುಷ್ (ರಬ್ಬರ್ ಬಳೆ), ಬುಷ್ಷಿನೊಳಗೆ ಸ್ಲೀವ್ (ಕಬ್ಬಿಣದ ಕೊಳವೆ), ಸ್ಲೀವಲ್ಲಿ ಅಡ್ಡ ಬೋಲ್ಟು. ಕೇಸು ಮೇಲೆ ಎಳೆದ್ರೂ ಕೆಳಗೆ ಒತ್ತಿದ್ರೂ ಈ ಬುಷ್ಷಲ್ಲಿ ಒಂದಲ್ಲ ಒಂದು ಕಡೆಯ ರಬ್ಬರ್ ಒತ್ತಡದಲ್ಲೇ ಕೆಲಸ ಮಾಡತ್ತೆ, ಕಬ್ಬಿಣದಿಂದ ಕಿತ್ಕೊಂಡು ಬರೋ ಪ್ರಶ್ನೆ ಇಲ್ಲ. ಬೋಲ್ಟ್ ಎರಡೂ ಕಡೆ ಪೈಪಿಗಿಂತ ಅಗಲದ ವಾಷರ್ ಹಾಕಿ, ರಬ್ಬರ್ ಪೂರ್ತಿ ಪುಡಿಯಾದ್ರೂ ಕೇಸು ಕಳಚಿ ಬೀಳ್ಬಾರ್ದು. ಬೋಲ್ಟ್ 10.9 ಗ್ರೇಡ್, ತಲೆ ಮೇಲೆ ನಂಬರ್ ಇಲ್ಲದ ಬೋಲ್ಟನ್ನ ಅಂಗಡಿಯೋನು ಹೈಟೆನ್ಸಿಲ್ ಅಂತ ಕೊಟ್ರೂ ತಗೋಬೇಡಿ, ನಟ್ಟು ನೈಲಾಕ್ (ಒಳಗೆ ನೈಲಾನ್ ಬಳೆ ಇರೋದು, ಸುಲಭಕ್ಕೆ ಸಡಿಲ ಆಗಲ್ಲ). ಇನ್ನೊಂದು ಮುಖ್ಯ ವಿಷ್ಯ, ಬುಷ್ ಪೈಪನ್ನ ಮೊದ್ಲು ವೆಲ್ಡ್ ಮಾಡಿ ಆಮೇಲೆ ಲೇತಲ್ಲಿ ಬೋರ್ ಮಾಡಿಸಿ. ಮುಂಚೇನೇ ಸರಿಯಾದ ಸೈಜಿಗೆ ಬೋರ್ ಮಾಡಿ ತಂದ್ರೆ ವೆಲ್ಡಿಂಗ್ ಬಿಸಿಗೆ ಪೈಪು ಮೊಟ್ಟೆ ಆಕಾರಕ್ಕೆ ಬರತ್ತೆ, ಬುಷ್ ಕೂರಲ್ಲ, ಆಮೇಲೆ ಸುತ್ತಿಗೆ ತಗೊಂಡು ಹೊಡೆದು ಬುಷ್ಷನ್ನೇ ಹಾಳು ಮಾಡ್ತಾರೆ.

ಈಗ ಜಾಗ. ಗಾಡಿ ತನ್ನ ನಾಲ್ಕು ಚಕ್ರದ ಮೇಲೆ ಸಮ ನೆಲದಲ್ಲಿ ನಿಂತಿರ್ಬೇಕು, ಜಾಕ್ ಮೇಲೆ ಎತ್ತಿಟ್ಟು ಅಳತೆ ತಗೊಂಡ್ರೆ ಆಕ್ಸಲ್ ಜೋತುಬಿದ್ದು ಎಲ್ಲ ಆಂಗಲ್ಲೂ ಸುಳ್ಳು. ಹಳೇ ಮೌಂಟಲ್ಲಿ ಕೇಸು ಇರೋವಾಗ್ಲೇ, ರಬ್ಬರ್ ಹರಿದಿದ್ರೆ ಒಂದು ಸಲ ಹೊಸದು ಹಾಕಿಯಾದ್ರೂ ಸರಿ, ಗೇರ್‌ಬಾಕ್ಸ್ ಔಟ್‌ಪುಟ್ ಫ್ಲ್ಯಾಂಜು (ಶಾಫ್ಟು ಬೋಲ್ಟ್ ಆಗೋ ತಟ್ಟೆ) ಮತ್ತೆ ಕೇಸಿನ ಇನ್‌ಪುಟ್ ಫ್ಲ್ಯಾಂಜು ಎರಡಕ್ಕೂ ಆಂಗಲ್ ಗೇಜ್ ಹಿಡಿದು ಬರ್ಕೊಳ್ಳಿ. ಎರಡೂ ಒಂದಕ್ಕೊಂದು ಸಮಾಂತರ ಇರ್ಬೇಕು, ಒಂದು ಡಿಗ್ರಿ ಒಳಗೆ. ಯುನಿವರ್ಸಲ್ ಜಾಯಿಂಟು, ಅಂದ್ರೆ ಶಾಫ್ಟಿನ ತುದೀಲಿರೋ ಮಡಚೋ ಕೀಲು (ಕ್ರಾಸ್), ಓರೆಯಾಗಿ ತಿರುಗೋವಾಗ ಒಂದು ಸುತ್ತಲ್ಲಿ ಎರಡು ಸಲ ವೇಗ ಹೆಚ್ಚು ಕಮ್ಮಿ ಆಗತ್ತೆ, ಈ ತುದಿ ಕ್ರಾಸ್ ಮಾಡಿದ ಏರುಪೇರನ್ನ ಆ ತುದಿ ಕ್ರಾಸ್ ಅಳಿಸಿ ಹಾಕ್ಬೇಕು, ಆಂಗಲ್ ಎರಡೂ ಕಡೆ ಒಂದೇ ಇದ್ರೆ ಮಾತ್ರ ಅದಾಗೋದು. ಹಾಗಂತ ಪೂರ್ತಿ ನೇರ ಗೆರೆಗೂ ತರ್ಬೇಡಿ, ಅರ್ಧ ಒಂದು ಡಿಗ್ರಿಯಾದ್ರೂ ಓರೆ ಇಲ್ಲದಿದ್ರೆ ಕ್ರಾಸಿನ ನೀಡಲ್ ಬೇರಿಂಗು ಒಂದೇ ಜಾಗದಲ್ಲಿ ಕೂತು ಗುಳಿ ಬೀಳತ್ತೆ.

ಮಿಸ್ತ್ರಿಗಳು ಇದನ್ನ ಹಗುರವಾಗಿ ತಗೊಳ್ಳೋದು ಜಾಸ್ತಿ, ಹತ್ತು ಎಂಎಂ ಆ ಕಡೆ ಈ ಕಡೆ ಏನಾಗತ್ತೆ ಬಿಡಿ ಅಂತಾರೆ. ಒಂದು ಮೀಟರ್ ಉದ್ದದ ಶಾಫ್ಟಿಗೆ ಹತ್ತು ಎಂಎಂ ಅಂದ್ರೆ ಅರ್ಧ ಡಿಗ್ರಿ ಚಿಲ್ಲರೆ, ಪರವಾಗಿಲ್ಲ. ಕಾಲು ಮೀಟರಿನ ಗಿಡ್ಡ ಶಾಫ್ಟಿಗೆ ಅದೇ ಹತ್ತು ಎಂಎಂ ಎರಡು ಡಿಗ್ರಿ ಮೇಲೆ ಹೋಗತ್ತೆ. ಅದಕ್ಕೇ ಜಿಪ್ಸೀಲಿ ಈ ಗಿಡ್ಡ ಶಾಫ್ಟನ್ನ ಮೊದ್ಲು ನೋಡ್ಬೇಕು, ಉದ್ದದ್ದೆಲ್ಲ ಆಮೇಲೆ. ಸ್ಪ್ಲೈನು (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರೋ ಹಲ್ಲಿನ ಭಾಗ) ಒಳಗೆ ಎಷ್ಟು ಕೂತಿದೆ, ಇನ್ನೂ ಎಷ್ಟು ಸರಿಯೋಕೆ ಜಾಗ ಇದೆ ಅನ್ನೋದನ್ನೂ ಮಾರ್ಕ್ ಮಾಡ್ಕೊಳ್ಳಿ, ಬಿಚ್ಚೋವಾಗ ಎರಡು ತುಂಡಿಗೂ ಪೇಂಟಲ್ಲಿ ಗೆರೆ ಎಳೀರಿ, ಇಲ್ಲಾಂದ್ರೆ ಒಂದು ಹಲ್ಲು ತಪ್ಪಿ ಕೂರಿಸಿದ್ರೂ ವೈಬ್ರೇಶನ್ ಬರತ್ತೆ, ಆಮೇಲೆ ಮೌಂಟೇ ಸರಿಯಿಲ್ಲ ಅಂತ ಒದ್ದಾಡ್ತೀರ.

ಆಮೇಲೆ ಕೇಸನ್ನ ಜಾಕ್ ಮೇಲೆ ಅದೇ ಜಾಗದಲ್ಲಿ, ಅದೇ ಆಂಗಲ್ಲಲ್ಲಿ ನಿಲ್ಲಿಸಿ ತೊಟ್ಟಿಲನ್ನ ಅದರ ಸುತ್ತ ಕಟ್ಕೊಂಡು ಬನ್ನಿ. ಟ್ಯಾಕ್ (ಹಿಡಿದಿಡೋಷ್ಟು ಚುಕ್ಕೆ ವೆಲ್ಡ್) ಮಾತ್ರ ಹಾಕಿ, ಕೇಸ್ ಇಳಿಸಿ, ತೊಟ್ಟಿಲು ಬಿಚ್ಚಿ ಹೊರಗೆ ತಂದು ಫುಲ್ ವೆಲ್ಡ್ ಮಾಡಿ. ಕೇಸ್ ಇಟ್ಕೊಂಡೇ ಪೂರ್ತಿ ವೆಲ್ಡ್ ಮಾಡಿದ್ರೆ ಆಯಿಲ್ ಸೀಲು ರಬ್ಬರು ಎರಡೂ ಸುಡ್ತವೆ. ಟ್ಯಾಕ್ ಹಾಕೋವಾಗ ಕೂಡ ಬ್ಯಾಟರಿ ನೆಗೆಟಿವ್ ತೆಗೀರಿ, ಇಂಜೆಕ್ಷನ್ ಗಾಡಿ ಆದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಕನೆಕ್ಟರ್ರೂ ಬಿಚ್ಚಿಡಿ, ಅರ್ತ್ ಕ್ಲಾಂಪು ವೆಲ್ಡ್ ಮಾಡೋ ತುಂಡಿಗೇ ಹಾಕಿ. ಎಲ್ಲೋ ಬಂಪರಿಗೆ ಅರ್ತ್ ಕೊಟ್ರೆ ಕರೆಂಟು ಬೇರಿಂಗ್ ಒಳಗಿಂದ ದಾರಿ ಮಾಡ್ಕೊಳ್ಳತ್ತೆ, ಬೇರಿಂಗಲ್ಲಿ ಚುಕ್ಕೆ ಚುಕ್ಕೆ ಸುಟ್ಟ ಗುರುತು ಬಿದ್ರೆ ಮುಗೀತು. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಚಾಸಿ ಪಕ್ಕದಲ್ಲೇ ಓಡ್ತವೆ, ಅವನ್ನ ಬಿಚ್ಚಿ ದೂರ ಸರಿಸದೇ ವೆಲ್ಡಿಂಗ್ ಹೋಲ್ಡರ್ ಕೈಗೆ ತಗೊಳ್ಳೋನ ಹತ್ರ ಕೆಲಸ ಮಾಡಿಸ್ಬೇಡಿ.

ಚಾಸಿ ಕಡೆಯ ಬ್ರಾಕೆಟ್ಟು ಆದಷ್ಟು ಇರೋ ತೂತುಗಳಿಗೇ ಬೋಲ್ಟ್ ಆಗೋ ಹಾಗೆ ಮಾಡಿಸಿ. ವೆಲ್ಡ್ ಮಾಡಲೇಬೇಕಾಗಿ ಬಂದ್ರೆ ಮೂಲೆ ದುಂಡಗೆ ಮಾಡಿದ ಪ್ಲೇಟನ್ನ ರೈಲಿನ ಪಕ್ಕದ ಮುಖಕ್ಕೆ ಉದ್ದುದ್ದ ವೆಲ್ಡ್ ಮಾಡಿ, ಮೇಲಿನ ಕೆಳಗಿನ ಮುಖಕ್ಕೆ ಅಡ್ಡ ಗೆರೆ ವೆಲ್ಡ್ ಯಾವತ್ತೂ ಬೇಡ, ಚಾಸಿ ಅಲ್ಲೇ ಸೀಳೋದು. ಬೋಲ್ಟ್ ಮಾಡಿ ಅನ್ನೋದಕ್ಕೆ ಇನ್ನೊಂದು ಕಾರಣ ಕಾನೂನು. ಮೋಟಾರು ವಾಹನ ಕಾಯ್ದೆ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಮೂಲದಲ್ಲಿ ಕೊಟ್ಟಿದ್ದಕ್ಕೆ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಮೌಂಟಿನಿಂದ ಆರ್‌ಸಿ ವಿವರ ಬದಲಾಗಲ್ಲ, ಆದ್ರೂ ಚಾಸಿ ಕೊಯ್ದು ಬೆಸೆದು ಮಾಡಿದ್ದು ನೋಡಿದೋರಿಗೆ ಅನುಮಾನ ಹುಟ್ಟಿಸತ್ತೆ, ಬಿಚ್ಚಿ ಹಳೇದು ಹಾಕೋಕೆ ಬರೋ ಕೆಲಸ ಎಷ್ಟೋ ಮೇಲು.

ಟ್ಯಾಕ್ ಹಂತದಲ್ಲೇ ನೋಡ್ಕೋಬೇಕಾದ್ದು ಇನ್ನೂ ಕೆಲವಿದೆ. ಡ್ರೈನ್ ಪ್ಲಗ್ಗಿಗೂ ಆಯಿಲ್ ಹಾಕೋ ಪ್ಲಗ್ಗಿಗೂ ಸ್ಪ್ಯಾನರ್ ಹೋಗ್ಬೇಕು, ಸ್ಪೀಡೋಮೀಟರ್ ಕೇಬಲ್ ಮಡಚಬಾರ್ದು. ಲಿವರ್ರು ಫ್ಲೋರಿನ ತೂತಿನ ಅಂಚಿಗೆ ತಗುಲ್ತಾ ಇದ್ರೆ ಕೇಸು ವಾಲಿದಾಗ ಲಿವರ್ ತಳ್ಳಿಸ್ಕೊಂಡು ಲೋ ಗೇರ್ ಬಿಟ್ಟುಹೋಗತ್ತೆ, ಏರಿನ ಮಧ್ಯೆ ಅದಾದ್ರೆ ಗಾಡಿ ಹಿಂದಕ್ಕೆ ಓಡತ್ತೆ, ಹಂಗಾಗಿ ಲಿವರ್ ಸುತ್ತ ಬೆರಳು ಆಡೋಷ್ಟು ಜಾಗ ಇರ್ಲೇಬೇಕು. ನಿಮ್ಮ ಗಾಡೀಲಿ ಹ್ಯಾಂಡ್‌ಬ್ರೇಕ್ ಡ್ರಮ್ಮು ಕೇಸಿನ ಹಿಂದೇನೇ ಇದ್ರೆ ಇಳಿಜಾರಲ್ಲಿ ನಿಲ್ಲಿಸಿದಾಗ ಗಾಡಿ ಭಾರ ಹಿಡಿಯೋ ತಿರುಚೂ ಈ ಮೌಂಟಿನ ಮೇಲೇ ಬರತ್ತೆ, ಶಾಫ್ಟ್ ಬಿಚ್ಚಿದ್ರೆ ಹ್ಯಾಂಡ್‌ಬ್ರೇಕೂ ಇಲ್ಲ, ಕೆಲಸ ಶುರು ಮಾಡೋಕೆ ಮುಂಚೆ ಚಕ್ರಕ್ಕೆ ಕಲ್ಲು ಕೊಡೋದು ಮರೀಬೇಡಿ. ಸ್ಕಿಡ್ ಪ್ಲೇಟ್ (ಗಾಡಿ ಹೊಟ್ಟೆ ಕೆಳಗಿನ ರಕ್ಷಣೆ ತಗಡು) ಹಾಕಿಸೋದಿದ್ರೆ ಅದು ಸೀದಾ ಚಾಸಿಗೆ ಕೂರ್ಲಿ, ತೊಟ್ಟಿಲಿಗೆ ಬೇಡ, ಬಂಡೆ ಬಡಿದ ಏಟು ಕೇಸಿಗೆ ಹೋಗ್ಬಾರ್ದು.

ಎಲ್ಲ ಕೂರಿಸಿದ ಮೇಲೆ ಮೇಲೆ ಹೇಳಿದ ಹಾಗೇ ಫೋನಲ್ಲಿ ವಿಡಿಯೋ ತೆಗೀರಿ. ಕೇಸು ಸ್ವಲ್ಪ ಅಲ್ಲಾಡ್ಬೇಕು, ಅದು ಸರಿಯೇ, ಆದ್ರೆ ಯಾವುದಕ್ಕೂ ತಾಗಬಾರ್ದು. ನಟ್ಟಿಂದ ಬ್ರಾಕೆಟ್ಟಿಗೆ ಪೇಂಟ್ ಗೆರೆ ಎಳೆದಿಡಿ, ಮೊದಲ ವಾರ ತೋಟದೊಳಗೆ ಓಡಿಸಿ ಗೆರೆ ಜರುಗಿದೆಯಾ ನೋಡಿ, ವೆಲ್ಡಿನ ತುದಿಗಳಲ್ಲಿ ತುಕ್ಕಿನ ಸಣ್ಣ ಗೆರೆ ಬಂದಿದ್ರೆ ಅದು ಬಿರುಕು, ಅಲ್ಲಿಗೇ ಗಾಡಿ ನಿಲ್ಲಿಸಿ. ಫ್ಲ್ಯಾಂಜುಗಳ ಆಂಗಲ್ ಎರಡನ್ನೂ, ಎಡ ಬಲ ರೈಲಿನ ನಡುವಿನ ಅಳತೆಯನ್ನೂ ತಗೊಂಡು ಇಲ್ಲಿ ಬರೀರಿ, ತೊಟ್ಟಿಲಿನ ಬುಷ್ ಎಲ್ಲಿ ಬರ್ಬೇಕು ಅಂತ ಚಿತ್ರ ಬರೆದು ಕೊಡ್ತೀನಿ.