ರಾತ್ರಿ ಎರಡು ಗಂಟೆಗೆ ಮಾರ್ಫಿನ್ ಯಾರು ಕೊಡುತ್ತಾರೆ ಅಂತ ಕೇಳಿ

ಬೆಂಗಳೂರಲ್ಲಿ ಮೂರು ಹಾಸ್ಪಿಸ್, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಜಾಗ, ನೋಡಿ ಬಂದಿದ್ದೀರಿ. ರೂಮು, ಊಟ, ಎಷ್ಟು ಪೇಷಂಟಿಗೆ ಎಷ್ಟು ನರ್ಸ್, ಗೂಗಲ್ ರೇಟಿಂಗ್, ದಿನದ ಚಾರ್ಜು, ಎಲ್ಲವನ್ನೂ ಎಕ್ಸೆಲ್ ಶೀಟಿಗೆ ಹಾಕಿದ್ದೀರಿ. ನಿಮ್ಮ ಅಮ್ಮನಿಗೆ ಯಾವ ಹಾಸ್ಪಿಸ್ ಒಳ್ಳೆಯದು, ಯಾವುದಕ್ಕೆ ಎಷ್ಟು ಮಾರ್ಕ್ಸ್ ಕೊಡಬೇಕು ಅಂತ ಕೇಳಿದ್ದೀರಿ. ಆ ಶೀಟ್ ನನಗೆ ಚೆನ್ನಾಗಿ ಗೊತ್ತು. 2019ರಲ್ಲಿ ನಾನೂ ಇಂಥದ್ದೇ ಒಂದು ಮಾಡಿದ್ದೆ. ಹನ್ನೊಂದು ಕಾಲಂ ಇತ್ತು. ಬೇಕಾಗಿದ್ದ ಕಾಲಂ ಒಂದೇ ಒಂದು, ಅದೇ ಇರಲಿಲ್ಲ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದವರು. ಅರಸೀಕೆರೆಯಲ್ಲಿ ಅಮ್ಮನ ಜೊತೆ ಇದ್ದರು. ಹೊಟ್ಟೆನೋವಿಗೆ ಮೂರು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರು. ಕಣ್ಣು ಹಳದಿ ಆದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಬಂದು ಸ್ಕ್ಯಾನ್ ಮಾಡಿಸಿದರೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ಲಿವರಿಗೂ ಹೋಗಿದೆ ಅಂದರು. ಕಾಮಾಲೆ ಇಳಿಯಲಿ ಅಂತ ಸ್ಟೆಂಟ್ ಹಾಕಿದರು. ಕೀಮೋ ಒಂದು ಸಲ ಆಯಿತು, ಎರಡನೆಯದಕ್ಕೆ ಮೈಯಲ್ಲಿ ಏನೂ ಉಳಿದಿರಲಿಲ್ಲ. "ಇನ್ನು ಮನೆಗೆ ಕರಕೊಂಡು ಹೋಗಿ, ಏನು ಬೇಕೋ ಮಾಡಿಕೊಡಿ" ಅಂದರು ಡಾಕ್ಟರು. ಏನು ಬೇಕಾಗುತ್ತೆ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಕ್ಯಾನ್ಸರಿನ ನೋವು ಹೊಟ್ಟೆಯಿಂದ ಸೀದಾ ಬೆನ್ನಿಗೆ ಹೋಗುತ್ತದೆ. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಡಿಮೆ. ಅಪ್ಪ ತೊಡೆ ಮೇಲೆ ದಿಂಬು ಇಟ್ಟುಕೊಂಡು ಅದನ್ನು ತಬ್ಬಿಕೊಂಡು ಕೂತೇ ನಿದ್ದೆ ಮಾಡುವುದನ್ನು ಕಲಿತುಬಿಟ್ಟಿದ್ದರು. ಕೇಳಿದರೆ "ಪರವಾಗಿಲ್ಲ".

ನಾನೂ ಹೆಂಡತಿಯೂ ಇಬ್ಬರೂ ಕೆಲಸಕ್ಕೆ ಹೋಗುವವರು, ಅಮ್ಮನಿಗೆ ಮಂಡಿನೋವು. ಹಾಗಾಗಿ ಜಾಗ ಹುಡುಕಲು ಹೊರಟೆ. ಉಚಿತವಾಗಿ ನೋಡಿಕೊಳ್ಳುವ ಹಾಸ್ಪಿಸ್ ಇದೆ ಅಂತ ಒಬ್ಬರು ಹೇಳಿದ್ದರು. ಚಿಕ್ಕಪ್ಪ ಫೋನಲ್ಲೇ ರೇಗಿದರು: "ಅಣ್ಣನ್ನ ಧರ್ಮಾಸ್ಪತ್ರೆಗೆ ಹಾಕ್ತೀಯೇನೋ? ನಿನ್ನ ಸಂಬಳ ಇರೋದು ಯಾಕೆ?" ಅಲ್ಲಿಗೆ ಆ ಸಾಲು ಶೀಟಿನಿಂದ ಡಿಲೀಟ್ ಆಯಿತು. ಉಳಿದವುಗಳಲ್ಲಿ ಒಂದು ಪ್ರೈವೇಟ್ ಜಾಗ ಎಲ್ಲದರಲ್ಲೂ ಮುಂದಿತ್ತು. ಬೋರ್ಡಿನ ಮೇಲೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಅಂತ ದೊಡ್ಡದಾಗಿ ಬರೆದಿತ್ತು. ಹೊಂಗೆ ಮರದ ನೆರಳು, ತೊಳೆದಿಟ್ಟ ನೆಲ, ಗೋಡೆಗೆ ಟೀವಿ, ರೇಟಿಂಗ್ 4.7. ಮಧ್ಯಾಹ್ನ ಹನ್ನೆರಡಕ್ಕೆ ಹೋಗಿದ್ದೆ. ಎಲ್ಲರೂ ಚುರುಕಾಗಿ ಓಡಾಡುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮ್ಯಾನೇಜರ್ ಎಲ್ಲ ತೋರಿಸಿ, ಕಾಫಿ ಕೊಟ್ಟು, ನಾನು ಕೇಳದೇ ಇದ್ದರೂ ಮಾರ್ಫಿನ್ ಬಗ್ಗೆ, ಅಂದರೆ ಜೋರು ನೋವಿಗೆ ಕೊಡುವ ಅಫೀಮಿನ ಔಷಧಿ ಬಗ್ಗೆ, ಒಂದು ಮಾತು ಹೇಳಿದ. "ಮಾರ್ಫಿನ್ ಅಂಥದ್ದೆಲ್ಲ ನಾವು ಇಟ್ಕೊಳಲ್ಲ ಸಾರ್. ಪೇಷಂಟ್ ಮಂಪರಲ್ಲೇ ಇದ್ದುಬಿಡ್ತಾರೆ. ನಮ್ಮಲ್ಲಿ ಎಲ್ಲ ಸೇಫ್ ಮೆಡಿಸಿನ್." ನಾನು ತಲೆ ಆಡಿಸಿದೆ. ಬರೀ ತಲೆ ಆಡಿಸಿದ್ದಲ್ಲ, ಖುಷಿಯಾಯಿತು. ಮನೆಗೆ ಬಂದು ಶೀಟಿನ ಷರಾ ಕಾಲಮ್ಮಿನಲ್ಲಿ "ಸ್ಟ್ರಾಂಗ್ ಡ್ರಗ್ಸ್ ಕೊಡಲ್ಲ, ಗುಡ್" ಅಂತ ಟೈಪ್ ಮಾಡಿದೆ. ಆ ಫೈಲ್ ಇವತ್ತಿಗೂ ನನ್ನ ಹತ್ತಿರ ಇದೆ.

ಅಂದರೆ ನನಗೆ ಯಾರೂ ಮೋಸ ಮಾಡಲಿಲ್ಲ. ಆತ ಬಾಯಿಬಿಟ್ಟು ಹೇಳಿದ, ಇಲ್ಲಿ ನೋವಿಗೆ ಔಷಧಿ ಇಲ್ಲ ಅಂತ. ನನಗೆ ಅದು ಇಲ್ಲಿ ಅಪ್ಪನನ್ನು ಹುಷಾರಾಗಿ ನೋಡಿಕೊಳ್ಳುತ್ತಾರೆ ಅಂತ ಕೇಳಿಸಿತು. ಯಾಕೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಮಾರ್ಫಿನ್ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಸಾವು. ಅದು ಶುರುವಾದರೆ ಮುಗಿಯಿತು, ಚಟ ಹತ್ತುತ್ತೆ, ಉಸಿರು ನಿಲ್ಲುತ್ತೆ, ಅಪ್ಪ ನಮ್ಮನ್ನು ಗುರುತಿಸಲ್ಲ. ಒಂದನ್ನೂ ಯಾವ ಡಾಕ್ಟರನ್ನೂ ಕೇಳಿ ತಿಳಿದುಕೊಂಡಿದ್ದಲ್ಲ. ಸುಮ್ನೆ ಎಲ್ಲಿಂದಲೋ ಬಂದು ಕೂತಿದ್ದು. ಟೈಲ್ಸು, ಟೀವಿ, ಊಟದ ಮೆನು ನೋಡಿದ್ದು ನನ್ನ ಸಮಾಧಾನಕ್ಕೆ. ನೋವು ಅಪ್ಪನದು, ಶೀಟು ನನ್ನದು.

ಸೇರಿಸಿದ ಮೂರನೇ ರಾತ್ರಿ. ಒಂದೂವರೆಗೆ ಎಚ್ಚರವಾಗಿ ನೋಡಿದರೆ ಅಪ್ಪ ಟವಲ್ ಕಚ್ಚಿಕೊಂಡು ಕೂತಿದ್ದರು. ಬನಿಯನ್ ಬೆವರಿಗೆ ಒದ್ದೆಯಾಗಿತ್ತು. ಬೆಲ್ ಒತ್ತಲು ಹೋದರೆ ಕೈ ಹಿಡಿದುಕೊಂಡರು. "ಬೇಡ, ಪಾಪ ಆ ಹುಡುಗಿ ಈಗ ಮಲಗಿರ್ತಾಳೆ." ಇಡೀ ಫ್ಲೋರಿಗೆ ಒಬ್ಬಳೇ ನರ್ಸ್, ಇಪ್ಪತ್ತು ವರ್ಷ ಇರಬಹುದು. ಬಂದು ಪ್ಯಾರಾಸಿಟಮಾಲ್ ಡ್ರಿಪ್ ಹಾಕಿದಳು. ಏನೂ ಆಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಳು, ನಾಲ್ಕನೇ ಸಲಕ್ಕೆ ಎತ್ತಿದರು, ಟ್ರಮಡಾಲ್ ಅನ್ನುವ ನೋವಿನ ಇಂಜೆಕ್ಷನ್ ಕೊಡು ಅಂದರು. ಕೊಟ್ಟಳು. ಅಪ್ಪ ವಾಂತಿ ಮಾಡಿಕೊಂಡರು, ನೋವು ಇದ್ದಲ್ಲೇ ಇತ್ತು. "ಬೆಳಿಗ್ಗೆ ಡಾಕ್ಟರ್ ಬರ್ತಾರೆ ಸಾರ್" ಅಂದಳು. ಅವಳ ಕಣ್ಣಲ್ಲೂ ನೀರು. ಐದು ಗಂಟೆವರೆಗೆ ಅವರ ಬೆನ್ನು ನೀವುತ್ತಾ ಪಕ್ಕದಲ್ಲೇ ನಿಂತಿದ್ದಳು. ಅವಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅವಳ ಕೈಗೆ ಯಾರೂ ಏನೂ ಕೊಟ್ಟಿರಲಿಲ್ಲ.

ಬೆಳಗಾಗುತ್ತಲೇ ಕಾರಲ್ಲಿ ಕೂರಿಸಿಕೊಂಡು ಒಂದು ಕ್ಯಾನ್ಸರ್ ಆಸ್ಪತ್ರೆಯ ಪ್ಯಾಲಿಯೇಟಿವ್ ಓಪಿಡಿಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ರಿಪೋರ್ಟ್ ಬದಿಗಿಟ್ಟು ಅಪ್ಪನ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಹತ್ತಕ್ಕೆ ಎಷ್ಟು ನೋವು ಅಂದರೆ ಅಪ್ಪನಿಗೆ ಅರ್ಥವಾಗಲಿಲ್ಲ. "ರೂಪಾಯಿಗೆ ಎಷ್ಟಾಣೆ ನೋವಿದೆ ಯಜಮಾನ್ರೇ?" ಅಂದರು. ಅಪ್ಪ ತಕ್ಷಣ "ಹದಿನಾಲ್ಕಾಣೆ" ಅಂದರು. ಎರಡು ತಿಂಗಳಿಂದ "ಪರವಾಗಿಲ್ಲ" ಅನ್ನುತ್ತಿದ್ದ ಮನುಷ್ಯ! ನಾನು ಆಚೆ ಹೋಗಿ ನಿಂತೆ.

ಮಾರ್ಫಿನ್ ಮಾತ್ರೆ ಬರೆದರು. ನಾಲ್ಕು ಗಂಟೆಗೊಂದು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಮಾತ್ರ ಎರಡು ಪಾಲು, ನಡುರಾತ್ರಿ ಎಬ್ಬಿಸುವುದು ಬೇಡ ಅಂತ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡುವುದು. ಮಧ್ಯೆ ನೋವು ಎದ್ದರೆ ಕೊಡಲು ಬೇರೆ ಡೋಸು. ಜೊತೆಗೆ ಮಲ ಸಡಿಲವಾಗಲು ಭೇದಿ ಮಾತ್ರೆ, ಯಾಕೆಂದರೆ ಮಾರ್ಫಿನ್ ತಗೊಂಡವರಿಗೆ ಮಲಬದ್ಧತೆ ಹೆಚ್ಚುಕಮ್ಮಿ ಗ್ಯಾರಂಟಿ. ಮೊದಲ ಎರಡು ಮೂರು ದಿನ ತೂಕಡಿಕೆ ಇತ್ತು, ಆಮೇಲೆ ಹೋಯಿತು. ನಾಲ್ಕನೇ ದಿನ ಅಪ್ಪ ಮಲಗಿ ನಿದ್ದೆ ಮಾಡಿದರು. ಉದ್ದಕ್ಕೆ, ಕಾಲು ಚಾಚಿ. ಅಮ್ಮ ಎರಡು ಸಲ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳು. ಆಮೇಲಾಮೇಲೆ ಅಪ್ಪ ಮಾತ್ರೆಯ ಹೊತ್ತನ್ನು ಬಸ್ ಟೈಮಿಂಗ್ ಮಾಡಿಕೊಂಡುಬಿಟ್ಟರು. "ಎರಡರ ಗಾಡಿ ಇನ್ನೂ ಬಂದಿಲ್ವಲ್ಲ" ಅಂತ ಅಡುಗೆ ಮನೆಗೆ ಕೇಳಿಸುವಂತೆ ಕೂಗುತ್ತಿದ್ದರು.

ಮತ್ತೆ ಆ ಹೊಂಗೆ ಮರದ ಜಾಗಕ್ಕೆ ಹೋಗಲಿಲ್ಲ. ಒಂದು ಟ್ರಸ್ಟಿನ ಹೋಮ್ ಕೇರ್ ತಂಡ ವಾರಕ್ಕೆರಡು ಸಲ ಮನೆಗೇ ಬರುತ್ತಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಬಂದು ನೋಡಿ ಏನೂ ಮಾತಾಡಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಶೀಟಿನ ಮಾರ್ಕ್ಸ್ ಪದ್ಧತಿಯೇ ನನಗೆ ಒಪ್ಪಿಗೆ ಇಲ್ಲ. ಊಟಕ್ಕೆ ಎಂಟು, ರೂಮಿಗೆ ಒಂಬತ್ತು, ನೋವಿಗೆ ನಾಲ್ಕು, ಕೂಡಿ ಭಾಗಿಸಿದರೆ ಏಳು ಅಂತ ಬರುತ್ತೆ ನೋಡಿ, ಅದು ಸುಳ್ಳು ಏಳು. ನೋವಿಗೆ ನಾಲ್ಕು ಬಂದ ಜಾಗದ ಊಟ ಯಾರಿಗೆ ಬೇಕು? ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಸರಿ ಬರದಿದ್ದರೆ ಆ ಸಾಲನ್ನು ಅಳಿಸಿ. ಬಾಯಿಂದ ತೆಗೆದುಕೊಳ್ಳುವ ಮಾರ್ಫಿನ್ ನಿಮ್ಮಲ್ಲಿ ಸ್ಟಾಕ್ ಇದೆಯಾ? ಕಪಾಟಿನ ಕೀ ರಾತ್ರಿ ಯಾರ ಹತ್ತಿರ ಇರುತ್ತೆ? ಡಾಕ್ಟರ್ ಮೊದಲೇ ಬರೆದಿಟ್ಟಿದ್ದರೆ ನಡುರಾತ್ರಿ ನರ್ಸ್ ತಾನಾಗಿಯೇ ಕೊಡಬಹುದಾ, ಇಲ್ಲಾ ಬೆಳಗಾಗಬೇಕಾ?

"ಲೈಸೆನ್ಸ್ ತುಂಬಾ ಕಷ್ಟ" ಅಂತಾರೆ. ಒಂದು ಕಾಲಕ್ಕೆ ನಿಜ ಇತ್ತು. 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಾಗಿ, ಆಸ್ಪತ್ರೆಗಳು ಈ ತಲೆನೋವೇ ಬೇಡ ಅಂತ ತರಿಸುವುದನ್ನೇ ಬಿಟ್ಟವು. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶದಲ್ಲಿ ಪೇಷಂಟಿಗೆ ಮಾತ್ರೆ ಸಿಗದ ಹಾಗೆ ಆಯಿತು. 2014ರಲ್ಲಿ ತಿದ್ದುಪಡಿ ಆಗಿದೆ. ಈಗ ರಾಜ್ಯದ ಔಷಧ ನಿಯಂತ್ರಣದವರಿಂದ ಮಾನ್ಯತೆ ಪಡೆದರೆ ಆಯಿತು, ಅಂಥ ಮಾನ್ಯತೆ ಪಡೆದ ಸಂಸ್ಥೆಗೆ ಆರ್‌ಎಂಐ ಅನ್ನುತ್ತಾರೆ. ಪ್ಯಾಲಿಯೇಟಿವ್ ಕೇರ್ ಅಂತ ಬೋರ್ಡ್ ಹಾಕಿಕೊಂಡು ಇದನ್ನು ಮಾಡಿಸಿಲ್ಲ ಅಂದರೆ ಅವರಿಗೆ ಮನಸ್ಸಿಲ್ಲ ಅಂತಲೇ ನನ್ನ ಲೆಕ್ಕ. ಮಾತ್ರೆಯೂ ದುಬಾರಿಯದಲ್ಲ, ಬಿಲ್ ಏರಿಸುವ ವಸ್ತುವೇ ಅಲ್ಲ ಅದು. ಅದಕ್ಕೇ ಉತ್ಸಾಹ ಕಮ್ಮಿಯೋ ಏನೋ.

"ಇದೆ" ಅಂದಮಾತ್ರಕ್ಕೆ ನಂಬಬೇಡಿ. ಜೊತೆಗೆ ಇನ್ನೇನು ಕೊಡುತ್ತೀರಿ ಅಂತ ಕೇಳಿ. ದಿನಾ ಮಾರ್ಫಿನ್ ಕೊಡುವವರಾದರೆ ಯೋಚಿಸದೆ ಭೇದಿ ಮಾತ್ರೆ ಅನ್ನುತ್ತಾರೆ. ತಡವರಿಸಿದರೆ ಅವರ ಕಪಾಟಿನ ಮಾರ್ಫಿನ್ ಧೂಳು ಹಿಡಿದಿದೆ ಅಂತ ತಿಳಿದುಕೊಳ್ಳಿ. ಅಲ್ಲಿರುವ ಪೇಷಂಟುಗಳ ತುಟಿ ನೋಡಿ. ಒಡೆದು ಒಣಗಿದ್ದರೆ ಬಾಯಿ ಒರೆಸುವವರಿಲ್ಲ ಅಂತ ಅರ್ಥ. ಬೆನ್ನು ಹುಣ್ಣಾದವರು ಎಷ್ಟು ಜನ, ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ ಅಂತ ಆಯಾಗಳನ್ನು ಕೇಳಿ, ಮ್ಯಾನೇಜರನ್ನಲ್ಲ. ಊಟ ಪೂರ್ತಿ ನಿಂತ ಮೇಲೆ ಏನು ಮಾಡುತ್ತೀರಿ ಅಂತಲೂ ಕೇಳಿ. ಮೂಗಿಗೆ ಟ್ಯೂಬ್ ಹಾಕಿ, ಡ್ರಿಪ್ ಏರಿಸಿ, ಕೊನೆಗೆ ಆಂಬುಲೆನ್ಸಲ್ಲಿ ಐಸಿಯುಗೆ ಕಳಿಸುತ್ತೇವೆ ಅಂದರೆ ಅದು ಹಾಸ್ಪಿಸ್ ಅಲ್ಲ, ವೇಟಿಂಗ್ ರೂಮ್.

ದುಡ್ಡು ತೆಗೆದುಕೊಳ್ಳದ ಜಾಗ ಅಂದರೆ ಕಳಪೆ ಅಂತ ಎಣಿಸಬೇಡಿ. ನಿಮ್ಮ ಪ್ರಶ್ನೆಯಲ್ಲೂ ಆ ವಾಸನೆ ಬಂತು, ಅದಕ್ಕೇ ಹೇಳುತ್ತಿದ್ದೇನೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆ ಹಂತದ ಕ್ಯಾನ್ಸರ್ ಪೇಷಂಟುಗಳನ್ನು ಉಚಿತವಾಗಿಯೇ ಇಟ್ಟುಕೊಂಡು ನೋಡಿಕೊಳ್ಳುತ್ತಿದೆ, ಮನೆಗೂ ತಂಡ ಕಳಿಸುತ್ತದೆ. ಬರೀ ಇದೇ ಕೆಲಸ ಮಾಡುವವರಿಗೂ, ವೃದ್ಧಾಶ್ರಮದ ಒಂದು ಫ್ಲೋರಿಗೆ ಈ ಹೆಸರು ಅಂಟಿಸಿದವರಿಗೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು, "ಇನ್ನು ಕೆಲವೇ ದಿನ ಅಂತ ಡಾಕ್ಟರ್ ಹೇಳಿದ ಮೇಲೆ ಸೇರಿಸೋಣ ಅಂತಿದ್ದೇವೆ" ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನೋವಿಗೆ ಡೋಸ್ ಹೊಂದಿಸಲು ಕೆಲವು ದಿನ ಬೇಕು. ಈಗಲೇ ಒಂದು ತಂಡಕ್ಕೆ ತೋರಿಸಿಡಿ. ಅವರು ಮನೆಗೆ ಬರುವವರಾದರೆ ನಿಮಗೆ ಬೆಡ್ಡೇ ಬೇಕಾಗದೇ ಇರಬಹುದು. ನಮಗೆ ಬೇಕಾಗಲಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಮಾತ್ರ ಒಂದು ವಿಷಯ ಮೊದಲೇ ಕೇಳಿಟ್ಟುಕೊಳ್ಳಿ: ರಾತ್ರಿಯೋ ಭಾನುವಾರವೋ ತೀರಿಕೊಂಡರೆ ಯಾವ ಡಾಕ್ಟರ್ ಬಂದು ನೋಡಿ ಸಾವಿನ ಕಾರಣದ ಸರ್ಟಿಫಿಕೇಟ್ ಬರೆದುಕೊಡುತ್ತಾರೆ? ಮನೆಯಲ್ಲಾದ ಸಾವಿಗೆ ಆ ಸರ್ಟಿಫಿಕೇಟ್ ನಮೂನೆ 4ಎಯಲ್ಲಿ ಬೇಕು, ಚಿತಾಗಾರದಲ್ಲೂ ಕಾಗದ ಕೇಳುತ್ತಾರೆ. ಮರಣ ನೋಂದಣಿಗೆ 21 ದಿನ ಟೈಮ್ ಇದೆ. ಕೇಳುವಾಗ ನಾಲಿಗೆ ಏಳಲ್ಲ, ಗೊತ್ತು. ನಾನು ಕೇಳಿದಾಗ ಆ ತಂಡದ ನರ್ಸ್ ಕಾರ್ಡಿನ ಹಿಂದೆ ಒಂದು ನಂಬರ್ ಬರೆದುಕೊಟ್ಟು, "ಎಷ್ಟು ಹೊತ್ತಾದರೂ ಪರವಾಗಿಲ್ಲ, ಮಾಡಿ" ಅಂದರು. ಒಂದು ಶನಿವಾರ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಮಾಡಿದೆ, ಎರಡನೇ ರಿಂಗಿಗೆ ಎತ್ತಿದರು.

ಆ ಹಿಂದಿನ ಸಂಜೆ ಅಪ್ಪ ಆರರ ಮಾತ್ರೆ ತಗೊಂಡು ಎರಡು ಚಮಚ ಗಂಜಿ ಕುಡಿದಿದ್ದರು. ಎಷ್ಟಾಣೆ ಅಂದೆ. ಕೈಯಲ್ಲೇ ಎರಡು ಬೆರಳು ತೋರಿಸಿದರು.

ನಿಮ್ಮ ಮೂರೂ ಜಾಗಕ್ಕೆ ಇವತ್ತು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಫೋನ್ ಮಾಡಿ ನೋಡಿ. ಯಾರು ಎತ್ತುತ್ತಾರೆ, ಎತ್ತಿದವರಿಗೆ ಏನು ಗೊತ್ತಿದೆ ಅಂತ ಶೀಟಲ್ಲಿ ಹಾಕಿಕೊಳ್ಳಿ. ಆಮೇಲೆ ನಿಮ್ಮ ಪ್ರಶ್ನೆಯನ್ನು ನಾನು ಮೂರು ಸಲ ಓದಿದೆ, ರೂಮಿನ ಅಳತೆ ಕೂಡ ಬರೆದಿದ್ದೀರಿ. ಅಮ್ಮನಿಗೆ ಈಗ ನೋವು ಎಷ್ಟಿದೆ ಅಂತ ಎಲ್ಲೂ ಬರೆದಿಲ್ಲ. ಕೇಳಿದ್ದೀರಾ?