ಬೆಳೆ ಚೆನ್ನಾಗಿ ಬಂದರೂ ಸಣ್ಣ ರೈತ ಕುಟುಂಬಕ್ಕೆ ಯಾಕೆ ನಷ್ಟ? ಸಬ್ಸಿಡಿ ಕೊಟ್ಟರೆ ಸಾಲದಾ?

ಎಷ್ಟೋ ಸಲ ಬೆಳೆ ಚೆನ್ನಾಗಿ ಬಂದಿದ್ದೇ ನಷ್ಟಕ್ಕೆ ಕಾರಣ. ಒಬ್ಬರಿಗೆ ಒಳ್ಳೆ ಫಸಲು ಬಂದ ವರ್ಷ ಸುತ್ತಮುತ್ತಲಿನವರಿಗೂ ಬಂದಿರುತ್ತದೆ. ಬೆಲೆ ಇಳಿಯಿತು ಅಂತ ಜನ ಎರಡು ಪಟ್ಟು ಊಟ ಮಾಡುವುದಿಲ್ಲ, ಅಲ್ವಾ? ಹಾಗಾಗಿ ಇಳುವರಿ ಸ್ವಲ್ಪ ಏರಿದರೂ ಬೆಲೆ ಅದಕ್ಕಿಂತ ಜೋರಾಗಿ ಬೀಳಬಹುದು. ಸಾಲದ ಕಂತು ಬರುವುದೂ ಸುಗ್ಗಿ ಹೊತ್ತಿಗೇ. ಮಾಲು ಇಟ್ಟುಕೊಂಡು ಕಾಯುವಂತಿಲ್ಲ, ಎಲ್ಲರೂ ಮಾರುವ ವಾರದಲ್ಲೇ ಮಾರಬೇಕು. ಬೀಜ, ಗೊಬ್ಬರ, ಡೀಸೆಲ್‌ಗೆ ಮಾತ್ರ ಅಂಗಡಿಯವರು ಹೇಳಿದ್ದೇ ರೇಟು.

ಇನ್ನು ಸಬ್ಸಿಡಿ. ಎಕರೆ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ನೆಲ ಇದ್ದವರಿಗೇ ಜಾಸ್ತಿ ಹೋಗುತ್ತದೆ. ಯುರೋಪಿಯನ್ ಒಕ್ಕೂಟ ರೈತರಿಗೆ ಕೊಡುವ ನೇರ ಪಾವತಿಯಲ್ಲಿ ಸುಮಾರು 80% ಹಣ 20% ಫಲಾನುಭವಿಗಳ ಪಾಲು. ಗೊಬ್ಬರ ಅಗ್ಗ ಮಾಡಿದರೆ ಬೇಕಾದ್ದಕ್ಕಿಂತ ಜಾಸ್ತಿ ಸುರಿಯುವುದು ಶುರುವಾಗುತ್ತದೆ. ಬೆಳೆ ಹೀರದ ಸಾರಜನಕ ಅಂತರ್ಜಲಕ್ಕೆ ಇಳಿಯುತ್ತದೆ. ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು!

ಹಾಗಂತ ಸುಮ್ನೆ ಎಲ್ಲಾ ಕಿತ್ತುಹಾಕಿದರೆ ಪರಿಸರ ತಾನಾಗೇ ಸರಿಹೋಗುವುದೂ ಇಲ್ಲ. ನ್ಯೂಜಿಲೆಂಡ್ 1984ರಿಂದ ಸಬ್ಸಿಡಿಗಳನ್ನು ಬಹುಪಾಲು ತೆಗೆಯಿತು. ಹೆಚ್ಚಿನ ರೈತರು ಉಳಿದುಕೊಂಡರು. ಆದರೆ ಮುಂದೆ ಹೈನುಗಾರಿಕೆ ಬೆಳೆದಂತೆ ನದಿಗಳಲ್ಲಿ ನೈಟ್ರೇಟ್ (ನೀರಿನಲ್ಲಿ ಕರಗುವ ಸಾರಜನಕದ ರೂಪ) ಏರಿತು.

ನನ್ನನ್ನು ಕೇಳಿದರೆ, ಅದೇ ದುಡ್ಡು ಗೋದಾಮಿಗೆ, ಮಣ್ಣು ಪರೀಕ್ಷೆಗೆ, ಸುಗ್ಗಿ ಕಳೆದು ಕೆಲವು ತಿಂಗಳ ಮೇಲೆ ತೀರಿಸಬಹುದಾದ ಸಾಲಕ್ಕೆ ಹೋದರೆ ಸಣ್ಣ ರೈತರಿಗೆ ಉಪಯೋಗ ಜಾಸ್ತಿ.